ಲಿನಕ್ಸ್‌ಗೆ ಹೋಗುವ ಮುನ್ನ ಫ್ಯಾನ್ ಬೇರೆ, ಲೈಟ್ ಬೇರೆ ಮಾಡಿಕೊಳ್ಳಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಅವತ್ತಿನಿಂದ ನನಗೆ ಬರುವ ಪ್ರಶ್ನೆ ಒಂದೇ, ಕೇಳುವವರು ಮಾತ್ರ ಬೇರೆ. ಗೋಣಿಕೊಪ್ಪದಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವರು ಕೇಳಿದರು, ಸೋಮವಾರಪೇಟೆ ಕಡೆಯ ಕಾಲೇಜು ಹುಡುಗರು ಕೇಳಿದರು, ಮಡಿಕೇರಿ ಹತ್ತಿರ ಹೋಂಸ್ಟೇ ನಡೆಸುವವರೂ ಕೇಳಿದರು. ಪಿಸಿ ಗಟ್ಟಿಮುಟ್ಟಾಗಿದೆ, ವಿಂಡೋಸ್ 11 ಹಾಕಲು ಬಿಡುತ್ತಿಲ್ಲ, ಅದರ ಬದಲು ಲಿನಕ್ಸ್, ಅಂದರೆ ಉಚಿತವಾಗಿ ಸಿಗುವ ಇನ್ನೊಂದು ಓಎಸ್ (ಪಿಸಿ ನಡೆಸುವ ಮೂಲ ಪ್ರೋಗ್ರಾಂ), ಹಾಕೋಣ ಅಂದರೆ ಫ್ಯಾನು, ಲೈಟು ಎಲ್ಲ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ನಡೆಯುತ್ತವೆ, ಅದು ಲಿನಕ್ಸ್‌ಗೆ ಇಲ್ಲವಂತೆ, ಏನು ಮಾಡೋದು?

ಇಲ್ಲ ಅನ್ನೋದು ನಿಜ. ಕೋರ್ಸೇರ್‌ನ ಐಕ್ಯೂ, ಎನ್‌ಝಡ್‌ಎಕ್ಸ್‌ಟಿಯ ಕ್ಯಾಮ್, ಏಸುಸ್‌ನ ಆರ್ಮರಿ ಕ್ರೇಟ್, ಲಿಯಾನ್ ಲಿಯ ಎಲ್-ಕನೆಕ್ಟ್, ಯಾವುದಕ್ಕೂ ಲಿನಕ್ಸ್ ಆವೃತ್ತಿ ಇಲ್ಲ. ಆದರೆ ಅದಕ್ಕೆ ಹೆದರಿ ಸುಮ್ನೆ ಕೂರಬೇಕಿಲ್ಲ. ನನ್ನ ಕಣ್ಣಿಗೆ ತೊಂದರೆ ಇರೋದು ಒಂದೇ ಕಡೆ. ಆ ಕಂಪನಿಗಳು ಎರಡು ಸಂಬಂಧವಿಲ್ಲದ ಕೆಲಸಗಳನ್ನು ಒಂದೇ ಡಬ್ಬಿಗೆ, ಒಂದೇ ಆ್ಯಪ್‌ಗೆ ತುರುಕಿವೆ. ಫ್ಯಾನ್ ನಿಂತರೆ ಪಿಸಿ ಕಾದು ಆಫ್ ಆಗುತ್ತದೆ. ಲೈಟ್ ನಿಂತರೆ ಏನೂ ಆಗುವುದಿಲ್ಲ. ಇವೆರಡನ್ನು ಮೊದಲು ಬೇರೆ ಮಾಡಿ. ಫ್ಯಾನನ್ನು ಆದಷ್ಟು ಮದರ್‌ಬೋರ್ಡಿಗೇ ಒಪ್ಪಿಸಿ, ಲೈಟನ್ನು ಆಮೇಲೆ ಬಿಡುವಾದಾಗ ನೋಡಿಕೊಳ್ಳಿ. ಕೆಳಗಿನ ಹಂತಗಳು ಇದೇ ಲೆಕ್ಕದಲ್ಲಿ ಇವೆ.

ಇದು ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇರುವವರಿಗೆ. ಲ್ಯಾಪ್‌ಟಾಪ್ ಕಥೆ ಬೇರೆ. ಇನ್ನೊಂದು ಮಾತು, ಕಮಾಂಡ್‌ಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ, ಅಡ್ಡಗೆರೆ ಇದ್ದ ಕಡೆ ಅಡ್ಡಗೆರೆ ಹಾಕಿ.

ಹಂತ 1: ಪಕ್ಕದ ಬಾಗಿಲು ತೆಗೆದು ವೈರ್ ನೋಡಿ

ಪಿಸಿ ಆಫ್ ಮಾಡಿ, ಪ್ಲಗ್ ಕಿತ್ತು, ಕ್ಯಾಬಿನೆಟ್ ತೆಗೆಯಿರಿ. ಒಂದು ಹಾಳೆ, ಪೆನ್ ಇಟ್ಟುಕೊಳ್ಳಿ. ಪ್ರತಿ ಫ್ಯಾನಿನ ವೈರ್ ಹಿಡಿದು ಅದು ಎಲ್ಲಿಗೆ ಹೋಗುತ್ತದೆ ಅಂತ ಬರೆಯಿರಿ.

ವೈರ್ ನೇರ ಬೋರ್ಡಿನ ಹೆಡರ್‌ಗೆ ಹೋದರೆ ನೀವು ಅರ್ಧ ಗೆದ್ದ ಹಾಗೆ. ಹೆಡರ್ ಅಂದರೆ ಬೋರ್ಡಿನ ಮೇಲಿರುವ ಪುಟ್ಟ ಪಿನ್‌ಗಳ ಸಾಲು, ಪಕ್ಕದಲ್ಲೇ ಸಿಪಿಯು ಫ್ಯಾನ್, ಸಿಸ್ಟಮ್ ಫ್ಯಾನ್, ಚಾಸಿಸ್ ಫ್ಯಾನ್ ಅಂತ ಸಣ್ಣದಾಗಿ ಅಚ್ಚು ಹಾಕಿರುತ್ತಾರೆ. ಫ್ಯಾನಿನ ಪ್ಲಗ್ ನಾಲ್ಕು ಪಿನ್ನಿನದಾದರೆ ಅದು ಪಿಡಬ್ಲ್ಯೂಎಂ ಫ್ಯಾನ್. 12 ವೋಲ್ಟ್ ಹಾಗೇ ಇರುತ್ತದೆ, ನಾಲ್ಕನೇ ವೈರಿನಲ್ಲಿ 'ಇಷ್ಟು ವೇಗ ಸಾಕು' ಅನ್ನುವ ಸಂಕೇತ ಬರುತ್ತದೆ. ಮೂರೇ ಪಿನ್ ಇದ್ದರೆ ವೋಲ್ಟೇಜ್ ಇಳಿಸಿಯೇ ವೇಗ ಇಳಿಸಬೇಕು, ಇದಕ್ಕೆ ಡಿಸಿ ಮೋಡ್ ಅನ್ನುತ್ತಾರೆ.

ವೈರ್ ಒಂದು ಡಬ್ಬಿಗೆ ಹೋದರೆ ಅದು ಹಬ್. ಇಲ್ಲಿ ನೋಡಬೇಕಾದ್ದು ಒಂದೇ: ಆ ಹಬ್ಬಿನಿಂದ ಬೋರ್ಡಿನ ಕೆಳಅಂಚಿನ 9 ಪಿನ್‌ನ ಯುಎಸ್‌ಬಿ ಹೆಡರ್‌ಗೆ ವೈರ್ ಹೋಗಿದೆಯಾ? ಹೋಗಿಲ್ಲ, ಬರೀ ಸಾಟಾ ಪವರ್ (ಪವರ್ ಸಪ್ಲೈನಿಂದ ಬರುವ ಚಪ್ಪಟೆ ಪ್ಲಗ್) ಮತ್ತೆ ಒಂದು ನಾಲ್ಕು ಪಿನ್ ವೈರ್ ಇದೆ ಅಂದರೆ ಅದು ಪೆದ್ದು ಹಬ್, ಬೋರ್ಡ್ ಹೇಳಿದ ಹಾಗೆ ಕೇಳುತ್ತದೆ. ಯುಎಸ್‌ಬಿ ಇದ್ದರೆ ಅದು ಬುದ್ಧಿವಂತ ಹಬ್, ಅಂದರೆ ಸಾಫ್ಟ್‌ವೇರ್ ಇಲ್ಲದಿದ್ದರೆ ತನ್ನ ಮನಸ್ಸಿಗೆ ಬಂದ ಹಾಗೆ ನಡೆಯುವ ಹಬ್. ಪೆದ್ದು ಹಬ್ಬೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಬುದ್ಧಿವಂತ ಹಬ್ ಇದ್ದು, ಫ್ಯಾನಿನ ಪ್ಲಗ್ ಮಾಮೂಲಿ ನಾಲ್ಕು ಪಿನ್ ಆಗಿದ್ದರೆ ಈಗಲೇ ಕಿತ್ತು ಬೋರ್ಡಿಗೆ ಹಾಕಿಬಿಡಿ. ಹೆಡರ್ ಸಾಲದಿದ್ದರೆ ಸ್ಪ್ಲಿಟರ್ ವೈರ್ ಸಿಗುತ್ತದೆ. ಒಂದು ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ತಡೆಯುತ್ತದೆ, ಫ್ಯಾನಿನ ಬೆನ್ನ ಮೇಲಿನ ಲೇಬಲ್‌ನಲ್ಲಿ ಆಂಪಿಯರ್ ಬರೆದಿರುತ್ತದೆ, ಕೂಡಿಸಿ ನೋಡಿ. ಒಂದಕ್ಕೊಂದು ಕೊಂಡಿ ಹಾಕಿ ಸಿಕ್ಕಿಸುವ ಫ್ಯಾನ್‌ಗಳಾದರೆ, ಉದಾಹರಣೆಗೆ ಕೋರ್ಸೇರ್‌ನ ಐಕ್ಯೂ ಲಿಂಕ್, ಪ್ಲಗ್ ಬೇರೆಯೇ ಇರುತ್ತದೆ. ಅದನ್ನು ಕದಲಿಸಬೇಡಿ, ಹಂತ 7ರಲ್ಲಿ ನೋಡೋಣ.

ಎಚ್ಚರಿಕೆ: ಲೈಟಿನ ಪ್ಲಗ್ ಎರಡು ಥರ. ಎಆರ್‌ಜಿಬಿ ಅಂದರೆ ಪ್ರತಿ ಬಲ್ಬಿಗೂ ಬೇರೆ ಬಣ್ಣ ಕೊಡಬಹುದಾದದ್ದು, ಅದು 5 ವೋಲ್ಟ್, ನಾಲ್ಕು ಪಿನ್ ಜಾಗದಲ್ಲಿ ಮೂರೇ ಇರುತ್ತವೆ. ಹಳೆಯ ಆರ್‌ಜಿಬಿ 12 ವೋಲ್ಟ್, ನಾಲ್ಕೂ ಪಿನ್ ಇರುತ್ತವೆ. 5 ವೋಲ್ಟಿನದನ್ನು 12ಕ್ಕೆ ಒತ್ತಿ ತುರುಕಿದರೆ ಲೈಟ್ ಸುಟ್ಟೇ ಹೋಗುತ್ತದೆ.

ಹಂತ 2: ವಿಂಡೋಸ್ ಇನ್ನೂ ಇರುವಾಗ ಮಾಡಬೇಕಾದ್ದು

ಜನ ಇದನ್ನೇ ಬಿಟ್ಟುಬಿಡುತ್ತಾರೆ. ವಿಂಡೋಸ್ ಅಳಿಸಿ ಆದ ಮೇಲೆ ನೆನಪಾಗುತ್ತದೆ.

ಮೊದಲು ಈಗಿನ ಫ್ಯಾನ್ ಸೆಟ್ಟಿಂಗ್, ಬಣ್ಣದ ಸೆಟ್ಟಿಂಗ್ ಎಲ್ಲದರ ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ. ಆಮೇಲೆ ಕಂಪನಿ ಆ್ಯಪ್‌ನಲ್ಲಿ 'ಹಾರ್ಡ್‌ವೇರ್ ಲೈಟಿಂಗ್' ಅಥವಾ 'ಡಿವೈಸ್ ಮೆಮೊರಿ' ಅನ್ನುವಂಥದ್ದು ಇದೆಯಾ ಹುಡುಕಿ. ಇದ್ದರೆ ನಿಮಗೆ ಬೇಕಾದ ಬಣ್ಣವನ್ನು ಅಲ್ಲಿ ಉಳಿಸಿ. ಆಗ ಅದು ಆ ಸಾಧನದ ಒಳಗೇ ಕೂರುತ್ತದೆ, ಯಾವ ಓಎಸ್ ಬಂದರೂ ಅದೇ ಬಣ್ಣ. ಎಷ್ಟೋ ಜನಕ್ಕೆ ಇಷ್ಟೇ ಸಾಕು, ಹಂತ 8 ಬೇಡವೇ ಬೇಡ.

ಫರ್ಮ್‌ವೇರ್ ಅಪ್‌ಡೇಟ್ ಇದ್ದರೆ ಅದನ್ನೂ ಈಗಲೇ ಮುಗಿಸಿ, ಯಾಕಂದರೆ ಅದು ಕಂಪನಿ ಆ್ಯಪ್ ಇಲ್ಲದೆ ಆಗೋದು ಕಷ್ಟ. ಫರ್ಮ್‌ವೇರ್ ಅಂದರೆ ಆ ಹಬ್ಬಿನ, ಕೂಲರ್‌ನ ಒಳಗಿನ ಪುಟ್ಟ ಪ್ರೋಗ್ರಾಂ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಸಾಧನ ಎದ್ದೇಳದೇ ಹೋಗಬಹುದು. ಕಕ್ಕಡ ತಿಂಗಳಲ್ಲಿ, ಹೊರಗೆ ಗಾಳಿ ಮಳೆ ಹೊಡೆಯುತ್ತಿದ್ದು ಯಾವ ತೋಟದ ಮರ ಯಾವ ಲೈನ್ ಮೇಲೆ ಬೀಳುತ್ತೋ ಗೊತ್ತಿಲ್ಲದ ಹೊತ್ತಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಯುಪಿಎಸ್ ಇದ್ದರೂ ಮೊದಲು ಅದರ ಬ್ಯಾಟರಿ ನಿಜಕ್ಕೂ ಐದು ನಿಮಿಷ ತಡೆಯುತ್ತಾ ನೋಡಿಕೊಳ್ಳಿ.

ಕೊನೆಯದಾಗಿ ಒಂದು ಪರೀಕ್ಷೆ. ಕಂಪನಿ ಆ್ಯಪ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿ, ಪಿಸಿ ಪೂರ್ತಿ ಆಫ್ ಮಾಡಿ, ಹಿಂದಿನ ಸ್ವಿಚ್ಚೂ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಈಗ ಫ್ಯಾನ್ ಹೇಗೆ ತಿರುಗುತ್ತದೆ, ಲೈಟ್ ಹೇಗೆ ಉರಿಯುತ್ತದೆ ಅನ್ನೋದೇ ಲಿನಕ್ಸ್ ಹಾಕಿದ ಮೊದಲ ದಿನ ನಿಮಗೆ ಸಿಗುವುದು. ನೀವು ಲಿನಕ್ಸ್ ಹಾಕುವ ಮೊದಲೇ ಲಿನಕ್ಸ್‌ನಲ್ಲಿ ಏನಾಗುತ್ತೆ ಅಂತ ಗೊತ್ತಾಗಿಬಿಡುತ್ತದೆ, ಒಳ್ಳೇದೇ ಅಲ್ವಾ.

ಹಂತ 3: ಬಯೋಸ್‌ನಲ್ಲಿ ಫ್ಯಾನ್ ಕರ್ವ್ ಹಾಕಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಬಯೋಸ್ ಅಂದರೆ ಓಎಸ್ ಬರುವ ಮುನ್ನ ಏಳುವ, ಬೋರ್ಡಿನ ಸ್ವಂತ ಪ್ರೋಗ್ರಾಂ. ಪಿಸಿ ಆನ್ ಆದ ಕೂಡಲೇ ಡೆಲ್ ಅಥವಾ ಎಫ್2 ಕೀ ಒತ್ತುತ್ತಾ ಇರಿ. ಒಳಗೆ ಹೋದ ಮೇಲೆ ಏಸುಸ್ ಬೋರ್ಡಿನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್, ಎಂಎಸ್‌ಐನಲ್ಲಿ ಹಾರ್ಡ್‌ವೇರ್ ಮಾನಿಟರ್, ಏಸ್‌ರಾಕ್‌ನಲ್ಲಿ ಫ್ಯಾನ್-ಟಾಸ್ಟಿಕ್ ಟ್ಯೂನಿಂಗ್ ಅಂತ ಇರುತ್ತದೆ.

ಕರ್ವ್ ಅಂದರೆ ಇಷ್ಟು ಬಿಸಿಗೆ ಇಷ್ಟು ವೇಗ ಅನ್ನುವ ಗೆರೆ. ನಾನು ಮಾಮೂಲಿಯಾಗಿ ಹೀಗೆ ಹಾಕುತ್ತೇನೆ: 40 ಡಿಗ್ರಿವರೆಗೆ ಶೇಕಡ 30, 60ಕ್ಕೆ ಶೇಕಡ 50, 75ಕ್ಕೆ ಶೇಕಡ 80, 85 ದಾಟಿದರೆ ಪೂರ್ತಿ. ಮಡಿಕೇರಿಯ ಚಳಿಗೆ ಇನ್ನೂ ಕಮ್ಮಿ ಇಟ್ಟರೂ ನಡೆಯುತ್ತದೆ. ಕುಶಾಲನಗರದವರು ಏಪ್ರಿಲ್‌ನಲ್ಲಿ ಒಂದು ಸಲ ನೋಡಿ ಸ್ವಲ್ಪ ಏರಿಸಿಕೊಳ್ಳಿ.

ಇಲ್ಲಿ ಜನ ಎಡವುವ ಜಾಗಗಳು ಮೂರ್ನಾಲ್ಕು ಇವೆ. ಮೂರು ಪಿನ್ ಫ್ಯಾನಿಗೆ ಪಿಡಬ್ಲ್ಯೂಎಂ ಮೋಡ್ ಇಟ್ಟರೆ ಅದು ಯಾವಾಗಲೂ ಪೂರ್ತಿ ವೇಗದಲ್ಲಿ ಕೂಗುತ್ತದೆ. 'ಲಿನಕ್ಸ್ ಹಾಕಿದ ಮೇಲೆ ಫ್ಯಾನ್ ಕಾಫಿ ಪಲ್ಪರ್ ಥರ ಸದ್ದು ಮಾಡುತ್ತೆ' ಅಂತ ಬರುವ ದೂರುಗಳಲ್ಲಿ ಸುಮಾರು ಇದೇ ಇರುತ್ತದೆ, ಲಿನಕ್ಸ್ ಪಾಪ ಏನೂ ಮಾಡಿರುವುದಿಲ್ಲ. ಡಿಸಿ ಮೋಡ್‌ಗೆ ಬದಲಿಸಿದರೆ ಸುಮ್ಮನಾಗುತ್ತದೆ.

ಇನ್ನೊಂದು ನೀರಿನ ಪಂಪ್. ಎಐಓ ಅಂದರೆ ನೀರಿನ ಪೈಪ್ ಇರುವ ಕೂಲರ್ ಇದ್ದು ಅದರ ಪಂಪ್ ಬೋರ್ಡಿನ ಹೆಡರ್‌ನಿಂದಲೇ ಕರೆಂಟ್ ಪಡೆಯುತ್ತಿದ್ದರೆ, ಆ ಹೆಡರ್‌ಗೆ ಕರ್ವ್ ಹಾಕಬೇಡಿ. ಪೂರ್ತಿ ವೇಗದಲ್ಲಿ ಬಿಡಿ. ಪಂಪ್ ನಿಧಾನವಾದರೆ ಎಷ್ಟು ಫ್ಯಾನ್ ತಿರುಗಿದರೂ ಪ್ರಯೋಜನ ಇಲ್ಲ.

ಕೂಲರ್ ಯುಎಸ್‌ಬಿ ಹಬ್ಬಿಗೆ ಹೋಗಿದ್ದು ಬೋರ್ಡಿನ ಸಿಪಿಯು ಫ್ಯಾನ್ ಹೆಡರ್ ಖಾಲಿ ಇದ್ದರೆ, ಪ್ರತಿ ಸಲ 'ಸಿಪಿಯು ಫ್ಯಾನ್ ಎರರ್' ಅಂತ ಪಿಸಿ ನಿಲ್ಲಬಹುದು. ಪಂಪಿನಿಂದ ಬರುವ ಒಂಟಿ ವೈರಿನ ಪ್ಲಗ್ ಅಲ್ಲಿ ಹಾಕಿ. ಅದು ಬರೀ ವೇಗ ತಿಳಿಸುವ ವೈರ್. ಎರರ್ ಬರುತ್ತೆ ಅಂತ ಎಚ್ಚರಿಕೆಯನ್ನೇ ಬಯೋಸ್‌ನಲ್ಲಿ ಆಫ್ ಮಾಡುವವರಿದ್ದಾರೆ, ಅದು ನನಗೆ ಇಷ್ಟವಿಲ್ಲ.

ಫ್ಯಾನ್ ನಿಮಿಷಕ್ಕೊಮ್ಮೆ ಏರಿ ಇಳಿದು ತಲೆ ತಿನ್ನುತ್ತಿದ್ದರೆ ಸ್ಟೆಪ್ ಅಪ್ ಟೈಮ್ ಅಥವಾ ಸ್ಮೂದಿಂಗ್ ಅಂತ ಇರುವುದನ್ನು ಕೆಲವು ಸೆಕೆಂಡ್ ಜಾಸ್ತಿ ಮಾಡಿ.

ಹಂತ 4: ಪೆನ್‌ಡ್ರೈವ್‌ನಿಂದ ಒಂದು ಸಲ ಓಡಿಸಿ ನೋಡಿ

ಲಿನಕ್ಸ್‌ನಲ್ಲಿ ಹಲವು ಬಗೆ ಇವೆ, ಹೊಸಬರಿಗೆ ಲಿನಕ್ಸ್ ಮಿಂಟ್ ಸಾಕು. ಫೈಲ್ ಸುಮಾರು 3 ಜಿಬಿ ಇರುತ್ತದೆ, ತೋಟದ ಮನೆಯ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಒದ್ದಾಡಬೇಡಿ, ಪೇಟೆಯಲ್ಲಿ ಫೈಬರ್ ಇರುವ ಗೆಳೆಯರ ಮನೆಯಲ್ಲಿ ಇಳಿಸಿಕೊಳ್ಳಿ. ಅರ್ಧಕ್ಕೆ ನಿಂತು ಮತ್ತೆ ಶುರುವಾದ ಡೌನ್‌ಲೋಡ್ ಕೆಟ್ಟಿರಬಹುದು, ಆದ್ದರಿಂದ ಚೆಕ್‌ಸಮ್ (ಫೈಲ್ ಸರಿ ಇದೆಯಾ ಅಂತ ತಾಳೆ ನೋಡಲು ವೆಬ್‌ಸೈಟಿನಲ್ಲಿ ಕೊಟ್ಟಿರುವ ಉದ್ದದ ಸಂಖ್ಯೆ) ಹೊಂದಿಸಿ ನೋಡಿ. ರೂಫಸ್ ಅಥವಾ ವೆಂಟಾಯ್ ಅನ್ನುವ ಪ್ರೋಗ್ರಾಂ ಬಳಸಿ ಆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ, ಪಿಸಿಯನ್ನು ಅದರಿಂದಲೇ ಶುರು (ಬೂಟ್) ಮಾಡಿ. ಏನೂ ಇನ್‌ಸ್ಟಾಲ್ ಆಗುವುದಿಲ್ಲ.

ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆಗೆದು ಎಲ್‌ಎಸ್‌ಯುಎಸ್‌ಬಿ ಅಂತ ಹೊಡೆಯಿರಿ. ಪಿಸಿಗೆ ಅಂಟಿರುವ ಯುಎಸ್‌ಬಿ ಸಾಧನಗಳ ಪಟ್ಟಿ ಬರುತ್ತದೆ. ಪ್ರತಿ ಸಾಲಿನಲ್ಲೂ ನಾಲ್ಕು ಅಕ್ಷರ, ಕೋಲನ್, ಮತ್ತೆ ನಾಲ್ಕು ಅಕ್ಷರ ಇರುತ್ತದೆ. ಮೊದಲ ನಾಲ್ಕು ಕಂಪನಿಯದು. 1ಬಿ1ಸಿ ಅಂದರೆ ಕೋರ್ಸೇರ್, 1ಇ71 ಅಂದರೆ ಎನ್‌ಝಡ್‌ಎಕ್ಸ್‌ಟಿ, 0ಬಿ05 ಅಂದರೆ ಏಸುಸ್. ಇದನ್ನು ಹಂತ 1ರ ಹಾಳೆಯಲ್ಲೇ ಬರೆದಿಡಿ, ನಿಮ್ಮ ಹಬ್ಬಿಗೆ ಬೆಂಬಲ ಇದೆಯಾ ಅಂತ ಹುಡುಕಲು ಪೆಟ್ಟಿಗೆ ಮೇಲಿನ ಹೆಸರಿಗಿಂತ ಈ ನಂಬರ್ ವಾಸಿ.

ಹಂತ 5: ಇನ್‌ಸ್ಟಾಲ್

ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಎಳೆಯುವುದಿಲ್ಲ. ಫೋಟೋ, ಲೆಕ್ಕದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಹಾಕಿ. ವಿಂಡೋಸನ್ನೂ ಇಟ್ಟುಕೊಳ್ಳುವುದಾದರೆ ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಕೀ ಬರೆದಿಟ್ಟುಕೊಳ್ಳಿ. ಜಾಗ ಇದ್ದರೆ ಒಂದು ತಿಂಗಳು ಎರಡೂ ಇರಲಿ.

ಹಂತ 6: ಲಿನಕ್ಸ್‌ಗೆ ಬಿಸಿ ಅಳೆಯಲು ಕಲಿಸಿ

ಎಲ್‌ಎಂ-ಸೆನ್ಸರ್ಸ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. ಆಮೇಲೆ ಸುಡೋ ಜೊತೆ ಸೆನ್ಸರ್ಸ್-ಡಿಟೆಕ್ಟ್ ಅಂತ ಹೊಡೆಯಿರಿ. ಸುಡೋ ಅಂದರೆ 'ಮನೆ ಯಜಮಾನನ ಅಧಿಕಾರದಲ್ಲಿ ಮಾಡು' ಅಂತ. ಅದು ಒಂದಾದ ಮೇಲೆ ಒಂದು ಪ್ರಶ್ನೆ ಕೇಳುತ್ತದೆ, ಎಲ್ಲದಕ್ಕೂ ಎಂಟರ್ ಒತ್ತಿ. ಆದರೆ ಮಿಂಟ್, ಉಬುಂಟುಗಳಲ್ಲಿ ಕೊನೆಯ ಪ್ರಶ್ನೆಗೆ ಮಾತ್ರ ಎಂಟರ್ ಒತ್ತಬೇಡಿ! 'ಈ ಸಾಲುಗಳನ್ನು ಮಾಡ್ಯೂಲ್ಸ್ ಫೈಲಿಗೆ ಸೇರಿಸಲೇ' ಅಂತ ಕೇಳುತ್ತದೆ, ಅಲ್ಲಿ ಸುಮ್ಮನೆ ಎಂಟರ್ ಹೊಡೆದರೆ ಬೇಡ ಅಂತ ಲೆಕ್ಕ. ಪೂರ್ತಿ ಯೆಸ್ ಅಂತ ಟೈಪ್ ಮಾಡಿ. ಇಲ್ಲದಿದ್ದರೆ ಇವತ್ತು ಕಂಡ ಫ್ಯಾನ್ ನಾಳೆ ರೀಸ್ಟಾರ್ಟ್ ಆದ ಮೇಲೆ ಕಾಣುವುದಿಲ್ಲ.

ರೀಸ್ಟಾರ್ಟ್ ಮಾಡಿ ಸೆನ್ಸರ್ಸ್ ಅಂತ ಹೊಡೆಯಿರಿ. ಎಎಂಡಿ ಪ್ರೊಸೆಸರ್ ಬಿಸಿ ಕೆ10ಟೆಂಪ್ ಹೆಸರಲ್ಲಿ, ಇಂಟೆಲ್‌ನದು ಕೋರ್‌ಟೆಂಪ್ ಹೆಸರಲ್ಲಿ ಬರುತ್ತದೆ. ಫ್ಯಾನ್1, ಫ್ಯಾನ್2 ಅಂತ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದೂ ಬರಬೇಕು. ಫ್ಯಾನ್ ಬರದಿದ್ದರೆ ಬೋರ್ಡಿನಲ್ಲಿ ಅದನ್ನು ನೋಡಿಕೊಳ್ಳುವ ಚಿಪ್ಪಿಗೆ ಡ್ರೈವರ್ (ಆ ಚಿಪ್ ಜೊತೆ ಮಾತಾಡುವ ಪ್ರೋಗ್ರಾಂ) ಸಿಕ್ಕಿಲ್ಲ ಅಂತ ಅರ್ಥ. ನುವೋಟನ್ ಚಿಪ್ ಆದರೆ ಎನ್‌ಸಿಟಿ6775 ಅನ್ನುವ ಡ್ರೈವರ್ ಕರ್ನೆಲ್‌ನಲ್ಲೇ, ಅಂದರೆ ಲಿನಕ್ಸ್‌ನ ತಿರುಳಿನಲ್ಲೇ ಇದೆ. ಗಿಗಾಬೈಟ್ ಬೋರ್ಡುಗಳಲ್ಲಿ ಹೆಚ್ಚಾಗಿ ಐಟಿಇ ಚಿಪ್ ಇರುತ್ತದೆ, ಅದಕ್ಕೆ ಐಟಿ87 ಡ್ರೈವರ್. ಕರ್ನೆಲ್ ಜೊತೆ ಬರುವ ಐಟಿ87ಗೆ ಹೊಸ ಚಿಪ್‌ಗಳು ಕೆಲವು ಗೊತ್ತಿಲ್ಲ, ಹೊರಗಿನ ಆವೃತ್ತಿ ತಂದು ಹಾಕಬೇಕಾಗುತ್ತದೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ನೋಡಿ ಒಳಗೆ ಬಿಡುವ ಕಾವಲು) ಆನ್ ಇದ್ದರೆ ಹೊರಗಿನ ಡ್ರೈವರ್ ಸಹಿ ಇಲ್ಲದೆ ಒಳಗೆ ಬರುವುದಿಲ್ಲ, ಅದು ನೆನಪಿರಲಿ.

ಇಷ್ಟೆಲ್ಲ ಮಾಡಿಯೂ ಫ್ಯಾನ್ ಕಾಣಲಿಲ್ಲವಾ? ಬಿಟ್ಟುಬಿಡಿ. ಹಂತ 3 ಮಾಡಿದ್ದೀರಿ ತಾನೇ, ಬೋರ್ಡ್ ತನ್ನ ಪಾಡಿಗೆ ನೋಡಿಕೊಳ್ಳುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ 0 ಅಂತ ತೋರಿಸಿದರೆ ಗಾಬರಿ ಬೇಡ. ಇತ್ತೀಚಿನ ಕಾರ್ಡುಗಳಲ್ಲಿ ಹೆಚ್ಚಿನವು ಕೆಲಸ ಇಲ್ಲದಾಗ ಫ್ಯಾನ್ ನಿಲ್ಲಿಸಿಬಿಡುತ್ತವೆ.

ಹಂತ 7: ಬೇಕಾದವರಿಗೆ ಮಾತ್ರ, ಲಿನಕ್ಸ್‌ನಿಂದ ಫ್ಯಾನ್ ನಡೆಸುವುದು

ಇದು ಯಾರಿಗೆ ಬೇಕು? ಒಂದು, ಕದಲಿಸಲಾಗದ ಬುದ್ಧಿವಂತ ಹಬ್ ಇರುವವರಿಗೆ. ಎರಡು, ಗ್ರಾಫಿಕ್ಸ್ ಕಾರ್ಡಿಗೆ ಜಾಸ್ತಿ ಕೆಲಸ ಕೊಡುವವರಿಗೆ. ಬಯೋಸ್ ಸಾಮಾನ್ಯವಾಗಿ ಪ್ರೊಸೆಸರ್, ಬೋರ್ಡಿನ ಬಿಸಿ ನೋಡಿ ಫ್ಯಾನ್ ತಿರುಗಿಸುತ್ತದೆ. ಮೂರು ಗಂಟೆ ವಿಡಿಯೋ ರೆಂಡರ್ ಮಾಡುತ್ತಾ ಕಾರ್ಡ್ ಬೇಯುತ್ತಿದ್ದರೂ ಕ್ಯಾಬಿನೆಟ್ ಫ್ಯಾನ್‌ಗೆ ಸುದ್ದಿ ಮುಟ್ಟುವುದಿಲ್ಲ.

ಕೂಲರ್‌ಕಂಟ್ರೋಲ್ ಅನ್ನುವ ಉಚಿತ ಪ್ರೋಗ್ರಾಂ ಹಾಕಿ. ಕರ್ವ್ ಎಳೆಯಲು ಚಿತ್ರ ಇದೆ, ಕಾರ್ಡ್ ಮತ್ತು ಪ್ರೊಸೆಸರ್ ಎರಡರಲ್ಲಿ ಯಾವುದು ಜಾಸ್ತಿ ವೇಗ ಕೇಳುತ್ತದೋ ಅದನ್ನು ತೆಗೆದುಕೊಳ್ಳುವ 'ಮಿಕ್ಸ್' ಪ್ರೊಫೈಲ್ ಕೂಡ ಇದೆ, ಕ್ಯಾಬಿನೆಟ್ ಫ್ಯಾನ್‌ಗೆ ಅದೇ ಸರಿ. ಯುಎಸ್‌ಬಿ ಹಬ್, ಎಐಓಗಳ ಜೊತೆ ಮಾತಾಡಲು ಇದು ಒಳಗೆ ಲಿಕ್ವಿಡ್‌ಸಿಟಿಎಲ್ ಅನ್ನುವ ಇನ್ನೊಂದನ್ನು ಬಳಸುತ್ತದೆ, ಎನ್‌ಝಡ್‌ಎಕ್ಸ್‌ಟಿ ಕ್ರಾಕನ್, ಕೋರ್ಸೇರ್ ಕಮಾಂಡರ್ ಪ್ರೊ ಥರದವು ಅದಕ್ಕೆ ಗೊತ್ತು. ಐಕ್ಯೂ ಲಿಂಕ್ ಹಬ್ ಇರುವವರು ಓಪನ್‌ಲಿಂಕ್‌ಹಬ್ ಅನ್ನುವುದನ್ನು ನೋಡಿ.

ಹಳೆಯ ಲೇಖನಗಳಲ್ಲಿ ಪಿಡಬ್ಲ್ಯೂಎಂಕಾನ್ಫಿಗ್, ಫ್ಯಾನ್‌ಕಂಟ್ರೋಲ್ ಅಂತ ಹೇಳಿರುತ್ತಾರೆ. ಅದೂ ನಡೆಯುತ್ತದೆ, ಆದರೆ ಒಂದು ಅಪಾಯ ಇದೆ. ಯಾವ ಸಂಕೇತ ಯಾವ ಫ್ಯಾನಿನದು ಅಂತ ತಿಳಿಯಲು ಅದು ಒಂದೊಂದನ್ನೇ ಕೆಲವು ಸೆಕೆಂಡ್ ನಿಲ್ಲಿಸಿ ನೋಡುತ್ತದೆ. ನಾನು ಹಿಂದೊಮ್ಮೆ ಅಭ್ಯಾಸಬಲದಿಂದ ಎಲ್ಲಕ್ಕೂ ಹೂಂ ಅನ್ನುತ್ತಾ ಹೋಗಿ ಪಂಪನ್ನೇ ಫ್ಯಾನ್ ಅಂತ ಲೆಕ್ಕಕ್ಕೆ ಸೇರಿಸಿದ್ದೆ. ಪಿಸಿ ತಣ್ಣಗಿದ್ದಾಗ ಪಂಪ್ ಮಲಗುತ್ತಿತ್ತು, ಯಾಕೆ ಬಿಸಿ ಹೀಗೆ ಹಾರುತ್ತೆ ಅಂತ ಎರಡು ದಿನ ತಲೆ ಕೆರೆದುಕೊಂಡೆ. ಇನ್ನೊಂದು, ಫ್ಯಾನ್‌ಕಂಟ್ರೋಲ್ ಮತ್ತು ಕೂಲರ್‌ಕಂಟ್ರೋಲ್ ಎರಡನ್ನೂ ಒಟ್ಟಿಗೆ ಓಡಿಸಬೇಡಿ, ಒಂದು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ.

ಹಂತ 8: ಈಗ ಲೈಟು

ಓಪನ್‌ಆರ್‌ಜಿಬಿ. ಬೇರೆ ಬೇರೆ ಕಂಪನಿಯ ಲೈಟನ್ನು ಒಂದೇ ಕಡೆಯಿಂದ ನಡೆಸುವ ಉಚಿತ ಪ್ರೋಗ್ರಾಂ, ನಿಜ ಹೇಳಬೇಕೆಂದರೆ ವಿಂಡೋಸ್‌ನಲ್ಲಿ ನಾಲ್ಕು ಕಂಪನಿಯ ನಾಲ್ಕು ಆ್ಯಪ್ ಇಟ್ಟುಕೊಳ್ಳುವುದಕ್ಕಿಂತ ಇದೇ ಹಗುರ. ಮೊದಲು ಅದರ ವೆಬ್‌ಸೈಟಿನ ಪಟ್ಟಿಯಲ್ಲಿ ನಿಮ್ಮ ಸಾಧನ ಇದೆಯಾ ನೋಡಿ. ಇಲ್ಲದ ಸಾಧನದ ಮೇಲೆ ಪ್ರಯೋಗ ಬೇಡ. ಇದರ ಆರಂಭದ ದಿನಗಳಲ್ಲಿ ಕೆಲವು ಎಂಎಸ್‌ಐ ಬೋರ್ಡುಗಳ ಲೈಟ್ ಚಿಪ್ ಹಾಳಾದದ್ದೂ ಉಂಟು, ಆಮೇಲೆ ತಂಡದವರು ಎಚ್ಚರಿಕೆ ತೆಗೆದುಕೊಂಡರು.

ಹಾಕಿದ ಕೂಡಲೇ ಸಾಧನ ಕಾಣದಿದ್ದರೆ ಯುಡೆವ್ ರೂಲ್ಸ್ ಹಾಕಿಲ್ಲ ಅಂತ ಅರ್ಥ. ಅದು ಮಾಮೂಲಿ ಬಳಕೆದಾರರಿಗೆ ಆ ಸಾಧನ ಮುಟ್ಟಲು ಅನುಮತಿ ಕೊಡುವ ಸಣ್ಣ ಫೈಲ್, ಅದೇ ವೆಬ್‌ಸೈಟಿನಲ್ಲಿ ಸಿಗುತ್ತದೆ. ಸುಡೋ ಹಾಕಿ ಓಡಿಸಿ ಕೆಲಸ ಮುಗಿಸುವ ಚಾಳಿ ಬೇಡ. ರ‍್ಯಾಮ್ ಲೈಟ್ ಕಾಣಬೇಕಾದರೆ ಐ2ಸಿ-ಡೆವ್ ಅನ್ನುವ ಮಾಡ್ಯೂಲ್ (ಕರ್ನೆಲ್‌ಗೆ ಸೇರಿಸುವ ಡ್ರೈವರ್ ತುಂಡು) ಬೇಕು, ಜೊತೆಗೆ ಇಂಟೆಲ್ ಬೋರ್ಡಿಗೆ ಐ2ಸಿ-ಐ801, ಎಎಂಡಿಗೆ ಐ2ಸಿ-ಪಿಐಐಎಕ್ಸ್4.

ಇನ್ನು ನನಗೆ ಅತಿ ಹೆಚ್ಚು ಬರುವ ದೂರು: ಬೋರ್ಡ್ ಪಟ್ಟಿಯಲ್ಲಿ ಕಾಣುತ್ತದೆ, ಬಣ್ಣ ಆರಿಸಿದರೆ ಫ್ಯಾನ್ ಲೈಟ್ ಮಾತ್ರ ಅಲ್ಲಾಡುವುದಿಲ್ಲ. ಎಆರ್‌ಜಿಬಿ ಹೆಡರ್‌ಗೆ ತನ್ನ ತುದಿಯಲ್ಲಿ ಎಷ್ಟು ಬಲ್ಬ್ ಇವೆ ಅಂತ ಗೊತ್ತಾಗುವುದಿಲ್ಲ, ಓಪನ್‌ಆರ್‌ಜಿಬಿ ಅದನ್ನು 0 ಅಂತ ಇಟ್ಟುಕೊಂಡಿರುತ್ತದೆ. ಆ ಹೆಡರ್‌ನ ಝೋನ್ ಆರಿಸಿ ರೀಸೈಜ್ ಒತ್ತಿ, ಬಲ್ಬುಗಳ ಸಂಖ್ಯೆ ಹಾಕಿ. ಸಂಖ್ಯೆ ಗೊತ್ತಿಲ್ಲದಿದ್ದರೆ 8 ಅಂತ ಹಾಕಿ ಕೆಂಪು ಕೊಡಿ, ಉಂಗುರದಲ್ಲಿ ಎಲ್ಲಿಯವರೆಗೆ ಕೆಂಪಾಯಿತು ನೋಡಿ, ಕೊನೆಯ ಬಲ್ಬ್ ಕೆಂಪಾಗುವವರೆಗೆ ಒಂದೊಂದೇ ಏರಿಸಿ.

ಕೂಲರ್‌ಕಂಟ್ರೋಲ್‌ನಲ್ಲೂ ಕೆಲವು ಸಾಧನಗಳಿಗೆ ಲೈಟ್ ಸೆಟ್ಟಿಂಗ್ ಇದೆ. ಅಲ್ಲಿ ಲೈಟ್ ಮುಟ್ಟಬೇಡಿ, ಎರಡೂ ಒಂದೇ ಹಬ್ಬಿನ ಜೊತೆ ಜಗಳಕ್ಕೆ ಬಿದ್ದರೆ ಬಣ್ಣ ಮಿಣುಕುತ್ತದೆ, ಕೆಲವೊಮ್ಮೆ ಹಬ್ಬೇ ಮಾತು ನಿಲ್ಲಿಸುತ್ತದೆ.

ಬಣ್ಣ ಸರಿಯಾದ ಮೇಲೆ ಪ್ರೊಫೈಲ್ ಉಳಿಸಿ, ಲಾಗಿನ್ ಆದಾಗ ಅದು ತಾನಾಗಿ ಬರುವ ಹಾಗೆ ಸೆಟ್ಟಿಂಗ್ಸ್‌ನಲ್ಲಿ ಇಡಿ. ಜೊತೆಗೆ ಎಲ್ಲ ಕಪ್ಪು ಇರುವ ಇನ್ನೊಂದು ಪ್ರೊಫೈಲ್ ಮಾಡಿಡಿ, ನಮ್ಮ ಕಡೆ ಇದು ಬೇಕೇ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಳೆ ಬಿದ್ದ ಸಂಜೆ ಕರೆಂಟ್ ಹೋಗಿ ಯುಪಿಎಸ್‌ನಲ್ಲಿ ಪಿಸಿ ಮಾತ್ರ ಉರಿಯುತ್ತಿದ್ದರೆ, ಊರಿನ ರೆಕ್ಕೆ ಬಂದ ಗೆದ್ದಲೆಲ್ಲ ಆ ಗಾಜಿನ ಬಾಗಿಲಿಗೇ ಬರುತ್ತವೆ. ಮುಂದಿನ ಫ್ಯಾನ್ ಅವನ್ನು ಒಳಗೆ ಎಳೆಯುತ್ತದೆ. ಬೆಳಿಗ್ಗೆ ನೋಡಿದರೆ ಜಾಲರಿ ತುಂಬ ರೆಕ್ಕೆ, ಒದ್ದೆ ಗಾಳಿಗೆ ಅಂಟಿಕೊಂಡು ಬ್ರಷ್ಷಿಗೂ ಬರುವುದಿಲ್ಲ.

ಹಂತ 9: ಮಲಗಿಸಿ, ಎಬ್ಬಿಸಿ, ಪ್ಲಗ್ ಕಿತ್ತು ನೋಡಿ

ಪಿಸಿ ಸ್ಲೀಪ್‌ಗೆ ಹಾಕಿ ಎಬ್ಬಿಸಿ. ಕೆಲವು ಹಬ್‌ಗಳು ಎದ್ದ ಮೇಲೆ ಹಳೆಯದನ್ನು ಮರೆತು ಕಾಮನಬಿಲ್ಲು ತೋರಿಸುತ್ತವೆ, ಓಪನ್‌ಆರ್‌ಜಿಬಿಯಲ್ಲಿ ಪ್ರೊಫೈಲ್ ಮತ್ತೆ ಹಾಕಿದರೆ ಸರಿ. ಆಮೇಲೆ ಪೂರ್ತಿ ಆಫ್ ಮಾಡಿ ಕರೆಂಟ್ ತೆಗೆದು ಮತ್ತೆ ಆನ್ ಮಾಡಿ, ಲಾಗಿನ್ ಪರದೆಯಲ್ಲೇ ಐದು ನಿಮಿಷ ಬಿಡಿ. ಅಲ್ಲಿ ನಿಮ್ಮ ಯಾವ ಆ್ಯಪ್ ಕಿಟಕಿಯೂ ತೆರೆದಿರುವುದಿಲ್ಲ, ಆಗಲೂ ಫ್ಯಾನ್, ಪಂಪ್ ಸರಿಯಾಗಿ ತಿರುಗುತ್ತಿರಬೇಕು. ಕೊನೆಗೆ ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಸೆನ್ಸರ್ಸ್ ನೋಡುತ್ತಾ ಇರಿ. 90 ದಾಟಿ ಇಳಿಯದಿದ್ದರೆ ಕೆಲಸ ನಿಲ್ಲಿಸಿ ಹಂತ 3ಕ್ಕೆ ವಾಪಸ್ ಹೋಗಿ.

ಇಷ್ಟಾದ ಮೇಲೂ ಸಿಕ್ಕಿಕೊಂಡರೆ ಬರೆಯಿರಿ. 'ಫ್ಯಾನ್ ಸರಿ ಇಲ್ಲ' ಅಂತಷ್ಟೇ ಕಳಿಸಿದರೆ ನನಗೆ ಏನೂ ಹೇಳಲು ಆಗುವುದಿಲ್ಲ. ಬೋರ್ಡಿನ ಪೂರ್ತಿ ಮಾಡೆಲ್ ಹೆಸರು, ಎಲ್‌ಎಸ್‌ಯುಎಸ್‌ಬಿ ಪಟ್ಟಿ, ಸೆನ್ಸರ್ಸ್ ತೋರಿಸಿದ್ದು, ಜೊತೆಗೆ ಹಂತ 1ರ ಹಾಳೆಯ ಫೋಟೋ ಇರಲಿ. ಕ್ಯಾಬಿನೆಟ್ ಫೋಟೋ ಕಳಿಸುವುದಾದರೆ ಲೈಟ್ ಆಫ್ ಮಾಡಿ ತೆಗೆಯಿರಿ, ನೇರಳೆ ಬೆಳಕಲ್ಲಿ ಒಂದು ವೈರೂ ಕಾಣುವುದಿಲ್ಲ.